ಸುಣ್ಣ ಹತ್ತದ ಶರಣಮ್ಮ

ಮರೆಮ್ಮ ಪುಣೆಯ ಕ್ಯಾಂಪ್ ಬಡಾವಣೆಯಲ್ಲಿ ಕೂತು ಮೊದಲನೇ ಪಿಂಗಾಣಿ ಬಶಿಯ ಮೇಲೆ ಸುತ್ತಿಗೆ ಇಳಿಸಿದಾಗ ಎದ್ದ ಸದ್ದಿಗೆ ಭೋರ್ ಊರಿನ ಮಂಗಗಳು ಮರದಿಂದ ಉದುರಿಬಿದ್ದವು. ಒಂದೆರಡಲ್ಲ, ಹಣ್ಣಾದ ಹುಣಸೆಮರವನ್ನು ಜಾಡಿಸಿದರೆ ಕಾಯಿ ಉದುರುತ್ತವಲ್ಲ, ಹಾಗೆ. ಬಿದ್ದ ಮಂಗಗಳು ಮೈ ಕೊಡವಿಕೊಂಡು, "ಯಾರವ್ವ ಅಕಿ?" ಅಂತ ಪುಣೆಯ ಕಡೆ ಮುಖ ಮಾಡಿ ಕೂತವಂತೆ. ಭೋರ್ ಎಷ್ಟು ದೂರ, ನಡುವೆ ಎಷ್ಟು ಗುಡ್ಡ ಅಂತ ಲೆಕ್ಕ ಹಾಕುವವರು ಹಾಕಲಿ. ಮರೆಮ್ಮನಂಥ ಹೆಂಗಸು ಸುತ್ತಿಗೆ ಎತ್ತಿದರೆ ಗುಡ್ಡಗಳು ತಾವಾಗಿ ಪಕ್ಕಕ್ಕೆ ಸರಿದು ದಾರಿ ಬಿಡುತ್ತವೆ.

ಮರೆಮ್ಮ ಯಾದಗಿರಿ ಕಡೆಯಿಂದ ಪುಣೆಗೆ ದುಡಿಯಲು ಬಂದವಳು. ಗಂಡ ಜಟ್ಟೆಪ್ಪ ಟೈಲ್ಸ್ ಕೂರಿಸುವ ಗೌಂಡಿ. ಅವನು ಕೂರಿಸುತ್ತ ಹೋದರೆ ಇವಳು ಸಿಮೆಂಟಿನ ಮಾಲು ಕಲಸಿ ಕೊಡುತ್ತ ಹಿಂದೆ. ಮಳೆಗಾಲಕ್ಕೆ ಮುಂಚೆ ಸೋರುವ ಮಾಳಿಗೆಗಳ ಮೇಲೆ ಒಡೆದ ಟೈಲ್ಸಿನ ಚೂರು ಒತ್ತಿ ಕೂರಿಸುವ ಕೆಲಸವೂ ಅವರದೇ. ಜನ ಅದನ್ನು ಚೈನಾ ಮೊಸಾಯಿಕ್ ಅನ್ನುತ್ತಾರೆ. ಮರೆಮ್ಮನನ್ನು ಕೇಳಿದರೆ, ಅವಳು ಬರುವ ಮುಂಚೆ ಪುಣೆಯ ಸಾಹುಕಾರರೆಲ್ಲ ಮಂಚದ ಮೇಲೆ ಕೊಡೆ ಹಿಡಿದುಕೊಂಡು ಮಲಗುತ್ತಿದ್ದರು.

ಓಣಿಯ ಜನ ಅವಳ ಮಾತಿನಿಂದ ಮುಕ್ಕಾಲು ಪಾಲು ಗಾಳಿ ತೆಗೆದು ಉಳಿದದ್ದನ್ನು ನಂಬುತ್ತಿದ್ದರು. ಅತ್ತೆ ಶರಣಮ್ಮನ ವಿಷಯದಲ್ಲಿ ಮಾತ್ರ ಎಷ್ಟು ತೂರಿದರೂ ಗಟ್ಟಿ ಕಾಳು ಉಳಿಯುತ್ತಿತ್ತು. ಓಣಿಗೆ ನೀರಿಲ್ಲದ ಕಾಲದಲ್ಲಿ ಆ ಮುದುಕಿ ಖಾಲಿ ಕೊಡ ಹೊತ್ತುಕೊಂಡು ಶಿವಾಜಿನಗರಕ್ಕೆ ಹೋಗಿ ಕಾರ್ಪೊರೇಷನ್ ಕಚೇರಿಯ ಮೆಟ್ಟಿಲ ಮೇಲೆ ಕೂತಿದ್ದಳು. ಏಳು ಅಂದರೆ ಏಳಲಿಲ್ಲ. ಮರೆಮ್ಮ ಹೇಳುವ ಪ್ರಕಾರ, ಆ ಕೊಡದಲ್ಲಿ ಗುಬ್ಬಿ ಗೂಡು ಕಟ್ಟಿ, ಮರಿ ಹಾರಿಹೋಗಿ, ಆ ಮರಿಗಳು ದೊಡ್ಡವಾಗಿ ಮತ್ತೆ ಅಲ್ಲೇ ಬಾಣಂತನಕ್ಕೆ ಬರುವ ತನಕ ಕೂತಿದ್ದಳು. ಗುಬ್ಬಿಯ ಮಾತು ಬಿಡಿ, ನಳ ಬಂದದ್ದು ನಿಜ. ಓಣಿಯ ಬಾಯಲ್ಲಿ ಒಂದು ಕಟ್ಟೆ, ಕಟ್ಟೆಯ ಹಿಂದೆ ಮೋಟು ಗೋಡೆ, ಗೋಡೆಯಿಂದ ಮೂಗು ಚಾಚಿದ ನಳ. ಶರಣಮ್ಮ ತೀರಿಕೊಂಡ ಮೇಲೆ ಹೆಂಗಸರು ಆ ಗೋಡೆಯ ಮೇಲೆ ಬಣ್ಣದಲ್ಲಿ ಅವಳನ್ನು ಬರೆಸಿದರು. ತಲೆ ತುಂಬ ಸೆರಗು, ಮುಂದೆ ಚಾಚಿದ ಬಲಗೈ, ಕೈಯಲ್ಲಿ ನೀರಿನ ತಂಬಿಗೆ.

ಅಷ್ಟರಲ್ಲಿ ಗೋಡೆಯ ಎದುರು ಅಪಾರ್ಟ್‌ಮೆಂಟಿನ ಟವರು ಎದ್ದಿತ್ತು. ಅದರ ಸೆಕ್ರೆಟರಿ ವಿನೀತ ಸಾಹೇಬರಿಗೆ, ತಮ್ಮ ಗೇಟಿನಿಂದ ಕಾರು ಹೊರಬಿದ್ದ ಕೂಡಲೇ ಒಬ್ಬ ಮುದುಕಿ ತಂಬಿಗೆ ಹಿಡಿದು ನಿಂತಿರುವುದು ಸರಿಬರಲಿಲ್ಲ. ಸುಣ್ಣ ಹೊಡೆಸಿದರು. ಹೆಂಗಸರು ಮತ್ತೆ ಬರೆಸಿದರು. ಸಾಹೇಬರು ಮತ್ತೆ ಸುಣ್ಣ ಹೊಡೆಸಿದರು. ಕಾರ್ಪೊರೇಷನ್ನಿನ ಗೋಡೆಯನ್ನು ಒಡೆಯಬೇಕೆಂದರೆ ಪರವಾನಗಿ ಬೇಕು, ಸುಣ್ಣ ಹೊಡೆಯುವುದಕ್ಕೆ ಯಾರಪ್ಪನ ಪರವಾನಗಿಯೂ ಬೇಕಿಲ್ಲವಲ್ಲ! ಈಗ ದಸರೆಗೆ ಹೊಸ ಗೇಟಿನ ಉದ್ಘಾಟನೆ ಇಟ್ಟುಕೊಂಡು, ಆ ಗೋಡೆಯ ಮೇಲೆ ಟವರಿನ ಹೆಸರಿನ ಬೋರ್ಡು ಹಚ್ಚುತ್ತೇವೆಂದು ಸುದ್ದಿ ಬಿಟ್ಟಿದ್ದರು. ಬೋರ್ಡು ಬಂತೆಂದರೆ ಶರಣಮ್ಮನಿಗೆ ನಿಲ್ಲಲು ಗೇಣು ಜಾಗವೂ ಇಲ್ಲ.

ಆ ಸುದ್ದಿ ಕಿವಿಗೆ ಬಿದ್ದ ದಿನ ಮರೆಮ್ಮ ಕೊಡಗಳ ಸಾಲಿನ ನಡುವೆ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಳು.

"ಕೇಳ್ರೆವ್ವ! ದಸರಾಕ್ಕ ನಮ್ಮತ್ತಿ ಈ ಗ್ವಾಡಿ ಮ್ಯಾಲ ನಿಂತಿರ್ತಾಳ. ಸುಣ್ಣ ಅಲ್ಲ, ಸುಣ್ಣದ ಭಟ್ಟಿನೇ ತಂದು ಸುರುವಿದ್ರೂ ಮಾಸಂಗಿಲ್ಲ, ಅಂಥಾಕಿನ್ನ ನಿಂದ್ರಸ್ತೀನಿ. ಅಲ್ಲೀತನ ಈ ನಳದ ಒಂದು ಹನಿ ನನ್ನ ನಾಲಿಗಿಗೆ ಬ್ಯಾಡ!"

"ಅಯ್ಯ, ಸಂಜಿಗೆ ಚಾ ಮಾಡೂ ಹೊತ್ತಿಗೆ ತಾನೇ ಬರ್ತಾಳ ಬಿಡು," ಎಂದು ಸಾಲಿನಲ್ಲಿ ಯಾರೋ ಅಂದರು. ಎಲ್ಲರೂ ನಕ್ಕರು.

ಸಂಜೆಗೆ ಅವಳು ಬರಲಿಲ್ಲ. ಮರುದಿನವೂ ಇಲ್ಲ. ಆಚೆ ಓಣಿಯ ನಳದಿಂದ ಕೊಡ ಹೊತ್ತು, ತನ್ನ ಓಣಿಯ ನಳದ ಮುಂದೆಯೇ, ಅದರ ಕಡೆ ಮುಖ ತಿರುಗಿಸಿಕೊಂಡು ಹಾಯ್ದು ಹೋಗತೊಡಗಿದಳು. ಬಾಯಿ ದೊಡ್ಡದಾದರೂ ಆಣೆ ಸಣ್ಣದಲ್ಲ ಎಂದು ಓಣಿಗೆ ಗೊತ್ತಾದದ್ದು ಆಗ. ಜಟ್ಟೆಪ್ಪನಿಗೂ ಗೊತ್ತಾಯಿತು. "ನಿನ್ನ ಆಣಿ ಸಲುವಾಗಿ ನನಗ ಚಾ ಇಲ್ಲದಂಗ ಆಗ್ಯದಲ್ಲ," ಎಂದು ಅವನು ಗೊಣಗಿದರೆ, "ನಿಮ್ಮವ್ವನ ಸಲುವಾಗಿ, ಗಪ್ ಕುಂದ್ರು," ಎಂಬ ಉತ್ತರ.

ಅವಳು ಹೀಗೆ ನೀರು ಹೊರುವುದನ್ನು ನೋಡಿದವಳು ಶಾಲಿನಿ. ಟವರಿನಲ್ಲಿ ಬಾಡಿಗೆಗಿದ್ದ ಐಟಿ ಹುಡುಗಿ, ಮೈಸೂರು ಕಡೆಯವಳು, ಕನ್ನಡ ಕಿವಿಗೆ ಬಿದ್ದಲ್ಲೆಲ್ಲ ನಿಂತುಬಿಡುವ ಪೈಕಿ.

"ಅಲ್ಲಾ ಮರೆಮ್ಮಕ್ಕ, ಇಲ್ಲೇ ನಲ್ಲಿ ಇದೆಯಲ್ಲ, ಅಷ್ಟು ದೂರದಿಂದ ಯಾಕೆ ಹೊರ್ತೀರಾ?"

ಮರೆಮ್ಮ ಕೊಡ ಇಳಿಸಿ ಎಲ್ಲ ಹೇಳಿದಳು. ಗುಬ್ಬಿಯ ಬಾಣಂತನವನ್ನೂ ಬಿಡಲಿಲ್ಲ. ಕೇಳಿ ಶಾಲಿನಿ ಅಂದಳು: "ನೋಡಿ, ಈ ಭಾನುವಾರ ಕ್ಯಾಂಪ್‌ನಲ್ಲಿ ಒಂದು ಮೊಸಾಯಿಕ್ ವರ್ಕ್‌ಶಾಪ್ ಇದೆ. ಚೂರು ಜೋಡಿಸಿ ಚಿತ್ರ ಮಾಡೋದು ಹೇಳಿಕೊಡ್ತಾರೆ. ನಾನು, ನಮ್ಮ ಯಜಮಾನ್ರು ಪುನೀತ್ ಬುಕ್ ಮಾಡಿದ್ವಿ, ಅವರಿಗೆ ಆಫೀಸ್ ಕೆಲಸ ವಕ್ಕರಿಸ್ತು. ಅವರ ಜಾಗಕ್ಕೆ ನೀವು ಬನ್ನಿ, ಕಲೀಬಹುದು."

"ಕಲೀಲಿಕ್ಕ? ನಾನೇ ಅವರಿಗೆ ಕಲಿಸಿ ಬರ್ತೀನಿ, ನಡಿ ತಂಗಿ!"

ಕ್ಯಾಂಪಿನ ಒಂದು ಹಳೇ ಬಂಗಲೆಯ ಪಡಸಾಲೆಯಲ್ಲಿ ಉದ್ದ ಮೇಜು, ಮೇಜಿನ ತುಂಬ ಒಡೆದ ಪಿಂಗಾಣಿ. ಕಲಿಸುವವರು ನೀಲಿಮಾ ಬಾಯಿ, ಬಿಳಿಗೂದಲನ್ನು ಗಿಡ್ಡಗೆ ಕತ್ತರಿಸಿಕೊಂಡ ಮರಾಠಿ ಹೆಂಗಸು. ಒಬ್ಬೊಬ್ಬರೂ ತಮ್ಮ ಪರಿಚಯ ಹೇಳಿ ಅಂದರು. ಬೇರೆಯವರು ಹೆಸರು ಹೇಳಿ ಸುಮ್ಮನಾದರು. ಮರೆಮ್ಮ ಎದ್ದು ನಿಂತು, ತಾನು ಮೊಸಾಯಿಕ್ ಮಾಡಿದ ಮಾಳಿಗೆಗಳ ಮೇಲೆ ಪಾರಿವಾಳಗಳು ಕೂರಲು ಹೋಗಿ ಜಾರಿ ಬೀಳುತ್ತವೆಂದೂ, ಕೆಳಗೆ ಬೆಕ್ಕುಗಳು ಬಾಯಿ ತೆರೆದುಕೊಂಡು ಕಾಯುತ್ತವೆಂದೂ ಅಚ್ಚ ಮರಾಠಿಯಲ್ಲಿ ತಿಳಿಸಿದಳು. ಆಮೇಲೆ ಸುತ್ತಿಗೆ ಎತ್ತಿದಳು. ಆಮೇಲೆ ಆ ಸದ್ದು. ಮಂಗಗಳ ಕಥೆ ಹೇಳಿ ಆಗಿದೆ.

ಅವತ್ತು ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು ಓಣಿಗೆ ಬಂದವಳನ್ನು ಇದೇನೆಂದು ಕೇಳಿದರೆ, "ಪಾಸಾದವ್ರಿಗೆ ಕಟ್ತಾರ. ಎಲ್ಲರಿಗೂ ಕಟ್ಟಂಗಿಲ್ಲ," ಅಂದಳು.

ಆದರೆ ಆ ಮೇಜಿನ ಮುಂದೆ ಅವಳ ಬಾಯಿ ಒಂದಷ್ಟು ಹೊತ್ತು ತಾನಾಗಿ ಮುಚ್ಚಿದ್ದೂ ಉಂಟು. ನೀಲಿಮಾ ಬಾಯಿ ಅವಳ ಕೈಗೆ ಇಕ್ಕಳ ಕೊಟ್ಟು, ಅದರ ಬಾಯಿ ಚೂರಿನ ಅಂಚನ್ನಷ್ಟೇ ಕಚ್ಚುವ ಹಾಗೆ ಹಿಡಿಸಿ, "ಒತ್ತು" ಅಂದರು. ಟಕ್ ಎಂದು ಪಿಂಗಾಣಿ ನೆಟ್ಟಗೆ ಸೀಳಿತು, ಒಳಗೆ ಮೊದಲೇ ಗೆರೆ ಎಳೆದಿಟ್ಟಿದ್ದ ಹಾಗೆ. ಮಾಳಿಗೆಯ ಮೇಲೆ ಅವಳು ಚೂರು ಚೆಲ್ಲಿ, ಹ್ಯಾಂಗ ಬಿದ್ದವೋ ಹಾಗೇ ಒತ್ತಿದವಳು. ಇಲ್ಲಿ ಚೂರುಗಳು ಸಾಲು ಹಿಡಿದು ಹರಿಯಬೇಕು. ಗಲ್ಲ ತಿರುಗಿದಲ್ಲಿ ಸಾಲೂ ತಿರುಗಬೇಕು, ಸೆರಗು ಇಳಿದಲ್ಲಿ ಸಾಲೂ ಇಳಿಯಬೇಕು. ಅಕ್ಕಿಕಾಳಿನಷ್ಟು ಕರಿ ಚೂರನ್ನು ಕಣ್ಣಿನ ಜಾಗದಲ್ಲಿ ಇಟ್ಟಾಗ ಅದು ಅವಳನ್ನೇ ನೋಡಿತು. ಮರೆಮ್ಮ ತಲೆಯ ಮೇಲೆ ಸೆರಗು ಎಳೆದುಕೊಂಡಳು.

"ಬಾಯಿ, ನನಗ ಗ್ವಾಡಿ ಮ್ಯಾಲ ಒಂದೊಂದೇ ಚೂರು ಹಚ್ಚಿಕೋತ ಕುಂದ್ರಲಿಕ್ಕ ಬಿಡಂಗಿಲ್ಲ. ಅರ್ಧಕ್ಕ ಬಂದು ಓಡಸ್ತಾರ. ಒಮ್ಮಿಗೇ ಕೂಡಸೂ ದಾರಿ ಅದ ಏನು?" ಎಂದು ಕೇಳಿದಳು.

ಇತ್ತು. ಖಾಕಿ ಕಾಗದದ ಮೇಲೆ ಚಿತ್ರ ಬರೆದುಕೊಂಡು, ಚೂರುಗಳನ್ನು ಮುಖ ಕೆಳಗೆ ಮಾಡಿ ಮೈದಾ ಅಂಟಿನಿಂದ ಅಂಟಿಸುವುದು. ಮನೆಯಲ್ಲೇ ಕೂತು ಮುಗಿಸಬಹುದು. ಒಣಗಿದ ಹಾಳೆಯನ್ನು ಹಾಗೇ ಗೋಡೆಯ ಹಸಿ ಮಾಲಿಗೆ ಒತ್ತಿ, ಅದು ಬಿಗಿದ ಮೇಲೆ ಕಾಗದಕ್ಕೆ ನೀರು ಹಚ್ಚಿ ಸುಲಿದರೆ ಮುಖ ಹೊರಗೆ. ದಪ್ಪದ ಚೂರು, ತೆಳುವಿನ ಚೂರು ಎಲ್ಲ ಹಿಂದೆ ಅಡಗಿ ಮುಂಭಾಗ ಗಾಜಿನಂತೆ ಸಪಾಟ. ನೀಲಿಮಾ ಬಾಯಿ ಇದನ್ನೆಲ್ಲ ಹೇಳಿ, "ಒಂದು ಮಾತು ಮಾತ್ರ ನೆನಪಿಡಬೇಕು," ಎಂದು ಇನ್ನೂ ಏನೋ ಹೇಳಿದರು. ಅಷ್ಟರಲ್ಲಿ ಕೆಲಸದ ದಾರಿ ಸಿಕ್ಕ ಹಿಗ್ಗಿಗೆ ಮರೆಮ್ಮನ ಬಾಯಿ ಮತ್ತೆ ತೆರೆದಿತ್ತು. ಪಕ್ಕದಲ್ಲಿ ಕೂತವರಿಗೆ, ತಾನು ಹಾಸಿದ ಒಂದು ಮಾಳಿಗೆಯ ನುಣುಪಿಗೆ ಹುಣ್ಣಿಮೆಯ ಚಂದ್ರನೇ ಜಾರಿ ನೀರಿನ ಟಾಕಿಗೆ ಬಿದ್ದ ಪ್ರಸಂಗ ಹೇಳುತ್ತಿದ್ದಳು. ಶಾಲಿನಿ ಫೋನು ಕಿವಿಗಿಟ್ಟು ಅಂಗಳದಲ್ಲಿದ್ದಳು.

ಮುಂದೆ ದಸರೆಯವರೆಗೆ ಓಣಿಯಲ್ಲಿ ಒಂದು ಒಡಕು ಬಶಿ ಉಳಿಯಲಿಲ್ಲ. ಒಡೆದದ್ದನ್ನು ಮನೆಯಲ್ಲಿಡಬಾರದು ಎನ್ನುವ ಜನ. ಶರಣಮ್ಮನ ಮೈಗಾಗುತ್ತದೆ ಅಂದರೆ ಕೇಳಬೇಕೆ! ಚಾ ಕಪ್ಪಿನ ಕಿವಿ, ಉಪ್ಪಿನಕಾಯಿ ಭರಣಿಯ ಮುಚ್ಚಳ, ಬಳೆಚೂರು. ಹೂವಿನ ಬಶಿ ಇದ್ದವಳೊಬ್ಬಳು, ತನ್ನದು ಒಡೆದಿಲ್ಲವಲ್ಲ ಎಂಬ ದುಃಖಕ್ಕೆ ಅದನ್ನು ಮರೆಮ್ಮನ ಕಣ್ಣೆದುರೇ ಕೈಬಿಟ್ಟಳು. ಸೀರೆಗೆ ನೀಲಿ ಬೇಕಿತ್ತು. ಟವರು ಕಟ್ಟುವಾಗ ಅದರ ಬಚ್ಚಲುಗಳಿಗೆ ಟೈಲ್ಸ್ ಕೂರಿಸಿದವನು ಜಟ್ಟೆಪ್ಪನೇ; ಬಿಸಾಡಿದ ತುಂಡುಗಳು ಮನೆಯ ಹಿಂದೆ ಬಿದ್ದಿದ್ದವು. ಹೀಗೆ ಸಾಹೇಬರ ಬಚ್ಚಲದ ನೀಲಿ ಶರಣಮ್ಮನ ಮೈಮೇಲೆ ಇಳಕಲ್ ಸೀರೆಯಾಗಿ ಇಳಿಯಿತು.

ದಸರೆಯ ಹಿಂದಿನ ಭಾನುವಾರ ವಿನೀತ ಸಾಹೇಬರು ಎಂದಿನಂತೆ ಭೋರ್‌ಗೆ, ಮಾವನ ಮನೆಗೆ ಹೋದರು. ಅವರ ಕಾರು ತಿರುವು ದಾಟಿತೋ ಇಲ್ಲವೋ, ಜಟ್ಟೆಪ್ಪ ಗೋಡೆ ಕೆತ್ತಿ ಮಾಲು ಬಳಿದ. ಒಣಗಿದ ಹಾಳೆಗಳನ್ನು ಹೆಂಗಸರು ಹಸುಗೂಸಿನಂತೆ ಎರಡೂ ಕೈಯಲ್ಲಿ ಹೊತ್ತು ತಂದರು. ಅವನು ಒಂದರ ಪಕ್ಕ ಒಂದು ಒತ್ತಿ, ಹಲಗೆ ಇಟ್ಟು ಮೆಲ್ಲಗೆ ತಟ್ಟಿದ. ಸಂಜೆಗೆ ಮಾಲು ಬಿಗಿದ ಮೇಲೆ ಮರೆಮ್ಮ ಆಚೆ ಓಣಿಯ ನೀರಿನಿಂದಲೇ ಕಾಗದ ತೋಯಿಸಿ, ಮೂಲೆ ಹಿಡಿದು ಸುಲಿದಳು.

ಮೊದಲು ಸೆರಗು ಬಂತು. ಆಮೇಲೆ ಆ ಕಣ್ಣು. "ಅಯ್ಯವ್ವ, ಶರಣವ್ವನೇ!" ಎಂದು ಮುದುಕಿಯೊಬ್ಬಳು ಕೈ ಮುಗಿದಳು. ಕೊನೆಯ ಹಾಳೆ ಸುಲಿದಾಗ ಚಾಚಿದ ಕೈ, ಕೈಯಲ್ಲಿ ತಂಬಿಗೆ ಕಂಡಿತು. ಮುದುಕಿ ಮುಗಿದ ಕೈ ಬಿಟ್ಟಳು.

ಕೈ ಎಡದ್ದು.

ಎಡಗೈಯಲ್ಲಿ ಯಾರಾದರೂ ನೀರು ಕೊಡುತ್ತಾರೆಯೇ? ಕೊಟ್ಟರೆ ಯಾರಾದರೂ ಕುಡಿಯುತ್ತಾರೆಯೇ? ಹಗೆಯವನಿಗೂ ಹಾಗೆ ಕೊಡುವುದಿಲ್ಲ. ಎಲ್ಲರ ಕಣ್ಣು ಮರೆಮ್ಮನ ಮೇಲೆ. ಅವಳ ಮುಖ ಒಂದು ಗಳಿಗೆ ಸುಣ್ಣದ ಗೋಡೆಯಾಯಿತು. ಮರುಗಳಿಗೆ ಅದರ ಮೇಲೆ ಬಣ್ಣ ಬಂತು.

"ಏನು ಹಂಗ ನೋಡ್ತೀರಿ? ಬೇಕಂತ್ಲೇ ಮಾಡೀನಿ! ಎದುರು ಯಾರ ಗೇಟು ಅದ? ನಮ್ಮತ್ತಿ ಮಾರಿಗೆ ಸುಣ್ಣ ಬಳದಾವ್ರಿಗೆ ಬಲಗೈಲೆ ನೀರು ಕೊಡ್ಬೇಕಾ?"

ಓಣಿ ಹೋ ಎಂದಿತು. ಅಬ್ಬಾ ಮರೆಮ್ಮನ ತಲೆಯೇ! ರಾತ್ರಿ ಊಟದ ಹೊತ್ತಿಗೆ ಮಾತು ಆಚೆ ಓಣಿಗೂ ಹಬ್ಬಿ, ಆ ಎಡಗೈ ಸಾಹೇಬರ ಕಾರು ಬಂದಾಗ ತಾನಾಗಿ ಅಲ್ಲಾಡುತ್ತದೆ ಎನ್ನುವಲ್ಲಿಗೆ ಮುಟ್ಟಿತ್ತು.

ಸೋಮವಾರ ಬೆಳಿಗ್ಗೆ ಸಾಹೇಬರು ಬಂದವರೇ, ನಿಂತು ನೋಡುವ ಗೋಜಿಗೂ ಹೋಗದೆ, ರೂಢಿಯಂತೆ ಸುಣ್ಣದವನನ್ನು ಕಳಿಸಿದರು. ಅವನು ಬಳಿದ. ಯಾರೂ ತಡೆಯಲಿಲ್ಲ. ಅವನು ಬಕೀಟು ಎತ್ತಿಕೊಂಡು ಹೋದ ಮೇಲೆ ಹೆಂಗಸರು ಅದೇ ನಳದಿಂದ ಕೊಡ ತುಂಬಿ ಗೋಡೆಗೆ ಎರಚಿದರು. ನುಣ್ಣನೆಯ ಪಿಂಗಾಣಿಯ ಮೇಲಿಂದ ಸುಣ್ಣ ಹಾಲಿನಂತೆ ಜಾರಿ ಮೋರಿಗೆ ಹೋಯಿತು. ಶರಣಮ್ಮ ಎಣ್ಣೆ ಹಚ್ಚಿ ಎರಕೊಂಡವಳ ಹಾಗೆ ಫಳಫಳ ಹೊಳೆದಳು.

ಆಗ ಸಾಹೇಬರೇ ಇಳಿದು ಬಂದರು. ಹತ್ತಿರ ನಿಂತು ನೋಡಿದರು.

"ಡಾವಾ ಹಾತ್? ಎಡಗೈಲಿ ನೀರಾ? ನಮ್ಮ ಗೇಟಿಗೆ?" ಎಂದು ಮರಾಠಿಯಲ್ಲಿ ಗುಡುಗಿದರು.

"ಬೇಕಂತ್ಲೇ ಸಾಹೇಬ್ರ," ಮರೆಮ್ಮ ಕಟ್ಟೆಯ ಮೇಲೆ ಹತ್ತಿ ನಿಂತಿದ್ದಳು. "ನಿಮ್ಮ ಸುಣ್ಣಕ್ಕ ತಕ್ಕ ಕೈ."

"ಹಾಗೋ? ಬೇಕೆಂದೇ ಅವಮಾನ ಮಾಡಿದ್ದು ಅಂತ ಇಷ್ಟು ಜನರ ಮುಂದೆ ಒಪ್ಪಿದೆ. ಇವತ್ತೇ ಕಾರ್ಪೊರೇಷನ್‌ಗೆ ಕಂಪ್ಲೇಂಟ್ ಕೊಡ್ತೀನಿ. ಅವರೇ ಬಂದು ಕಿತ್ತು ಹಾಕ್ತಾರೆ."

ಮರೆಮ್ಮನಿಗೆ ಆಗ ಹೊಳೆಯಿತು: ತನ್ನ ಬಡಾಯಿಯೇ ಸಾಹೇಬರ ಕೈಗೆ ಹಾರೆ ಕೊಟ್ಟಿದೆ. ಆದರೆ ಅವಳು ಒಂದು ಬಾಗಿಲು ಮುಚ್ಚಿದರೆ ಗೋಡೆಯನ್ನೇ ಬಾಗಿಲು ಮಾಡಿಕೊಳ್ಳುವ ಪೈಕಿ.

"ಅವಮಾನ ಎಲ್ಲಿಂದು ಸಾಹೇಬ್ರ! ಬೇಕಂತ್ಲೇ ಅಂದದ್ದು ನಗಚಾಷ್ಟಿಗೆ. ನಮ್ಮತ್ತಿ ಎಡಚಿ ಇದ್ಲು. ಉಣ್ಣೂದು, ಬಡಸೂದು, ನೀರು ಕೊಡೂದು ಎಲ್ಲ ಎಡಗೈಲೇ. ಹ್ಯಾಂಗ ಇದ್ಲೋ ಹಂಗ ನಿಂದ್ರಸೀನಿ. ಬೇಕಾದ್ರ ಅಕಿ ಮಗನ್ನೇ ಕೇಳ್ರಿ."

ಅಕಿಯ ಮಗ ಜಟ್ಟೆಪ್ಪ ಪಕ್ಕದಲ್ಲೇ ಕರಣೆ ತೊಳೆಯುತ್ತಿದ್ದ. ಹೆಂಡತಿಯ ಕಣ್ಸನ್ನೆ ಕಾಣದ ಪುಣ್ಯಾತ್ಮ.

"ಅವ್ವ ಎಡಚಿ? ಯಾವಾಗಿಂದ?" ಎಂದು ತನ್ನ ಎಡಗಲ್ಲ ಸವರಿಕೊಂಡ. "ಸಣ್ಣಾಂವ ಇದ್ದಾಗ ಅವ್ವನ ಏಟು ಬೀಳ್ತಿದ್ದದ್ದೆಲ್ಲ ಈ ಗಲ್ಲಕ್ಕ ನೋಡು. ಎದುರಿಗಿ ನಿಂತು ಹೊಡದ್ರ ಎಡಗಲ್ಲಕ್ಕ ಬೀಳೂದು ಬಲಗೈನೇ. ಇವತ್ತಿಗೂ ನೆನಪದ."

ಸಾಲಿನಲ್ಲಿ ಕಿಸಕ್ಕೆಂದು ನಗೆ. ಅದೇ ಹೊತ್ತಿಗೆ, ಚಿತ್ರ ನೋಡಬೇಕೆಂದು ಶಾಲಿನಿ ಕರೆತಂದಿದ್ದ ನೀಲಿಮಾ ಬಾಯಿ ಜನರನ್ನು ಸರಿಸಿಕೊಂಡು ಮುಂದೆ ಬಂದರು. ಗೋಡೆಯನ್ನು ಮುಟ್ಟಿ ನೋಡಿದರು. ಗಲ್ಲದ ಮೇಲಿನ ಸಾಲು, ಸೆರಗಿನ ಇಳಿವು ನೋಡಿ ತಲೆದೂಗಿದರು. ಕೈಯ ಹತ್ತಿರ ಬಂದು ನಿಂತರು.

"ಮರೆಮ್ಮ, ಕಾಗದದ ಮೇಲೆ ಚಿತ್ರವನ್ನು ಮಗುಚಿ ಬರೆದುಕೊಂಡಿದ್ದೆಯಾ? ಮುಖ ಕೆಳಗೆ ಅಂಟಿಸಿದರೆ ಎಡ ಬಲವಾಗುತ್ತೆ, ಬಲ ಎಡವಾಗುತ್ತೆ, ಅದೊಂದು ನೆನಪಿಡು ಅಂತ ಹೇಳಿದ್ದೆನಲ್ಲ?"

ಮರೆಮ್ಮ ಬಾಯಿ ತೆರೆದಳು. ಓಣಿಯೆಲ್ಲ ಕಾದಿತು. ಅವಳು ಕಟ್ಟೆಯಿಂದ ಕೆಳಗಿಳಿದಳು.

"ಮಗುಚಲಿಲ್ಲ ಬಾಯಿ," ಅಂದಳು. "ನೀವು ಹೇಳೂ ಮುಂದ ನಾ ಚಂದ್ರನ್ನ ಟಾಕಿಗೆ ಕೆಡವ್ಲಕತ್ತಿದ್ದೆ. ಮಾಳಿಗಿ ಮ್ಯಾಲ ಹ್ಯಾಂಗ ಇಡ್ತೀವಿ ಹಂಗೇ ಕಾಣ್ತದ, ಮಗುಚೂ ಮಾತೇ ಇಲ್ಲ. ನಮಗ ಅದೇ ರೂಢಿ. ನಿನ್ನಿ ಕಾಗದ ಸುಲದಾಗ ನನ್ನ ಎದಿ ಧಸಕ್ ಅಂತು. ಬೇಕಂತ್ಲೇ ಅಂದದ್ದು ಸುಳ್ಳ. ಎಡಚಿ ಅಂದದ್ದ ಇನ್ನೂ ದೊಡ್ಡ ಸುಳ್ಳ."

ಸಾಹೇಬರ ಮುಖ ಅರಳಿತು. "ಅಂದರೆ ತಪ್ಪಾಗಿದೆ. ಮುಗಿಯಿತಲ್ಲ! ಕಿತ್ತುಬಿಡಿ."

"ಕೀಳಂಗಿಲ್ಲ."

"ತಪ್ಪು ಅಂತ ನೀನೇ ಅಂದೆಯಲ್ಲ?"

"ತಪ್ಪು ನನ್ನ ಕೈಯಿಂದ ಆಗ್ಯದ, ಅಕಿ ಕೈಯಿಂದ ಅಲ್ಲ," ಮರೆಮ್ಮನ ದನಿ ಮೇಲೇರಿತು. ಈ ಸಲ ಅದರಲ್ಲಿ ಗಾಳಿ ಇರಲಿಲ್ಲ. "ಸುಳ್ಳ ಇದ್ದದ್ದು ನನ್ನ ಬಾಯಾಗ, ಗ್ವಾಡಿ ಮ್ಯಾಲ ಅಲ್ಲ. ಅಕಿ ನಳ ತಂದದ್ದು ಖರೇ. ನಿಂತ ಜಾಗ ಖರೇ. ಎಡಗೈ ನೀರು ಬ್ಯಾಡಂದ್ರ ಕುಡೀಬ್ಯಾಡ್ರಿ. ಕೀಳಲೇಬೇಕಂದ್ರ ಪರವಾನಗಿ ತರ್ರಿ. ಶಿವಾಜಿನಗರದಾಗ ಆ ಮೆಟ್ಟಿಲ ಇನ್ನೂ ಅವ. ಖಾಲಿ ಕೊಡ ಬೇಕಾದ್ರ ನಾ ಕೊಡ್ತೀನಿ, ಹೋಗಿ ಕುಂದ್ರರಿ!"

"ಕಿತ್ತರ ಚೂರು ಅಷ್ಟೇ ಬರಂಗಿಲ್ಲ ಸಾಹೇಬ್ರ," ಎಂದ ಜಟ್ಟೆಪ್ಪ, ಕರಣೆ ಒರೆಸುತ್ತ. "ಗ್ವಾಡಿನೂ ಬರ್ತದ. ಗ್ವಾಡಿ ಜೋಡಿ ನಳಾನೂ ಬರ್ತದ. ಮಾಲು ನಾ ಬಳದೀನಿ."

ಹೆಂಗಸರು ಸಾಲು ಬಿಟ್ಟು ಮುಂದೆ ಬಂದರು. ತಮ್ಮ ಕೊಡಗಳನ್ನು ಒಂದೊಂದಾಗಿ ತಂದು ಗೋಡೆಯ ಬುಡಕ್ಕೆ ಒತ್ತಾಗಿ ಇಟ್ಟರು. ಸಾಹೇಬರು ಕೊಡಗಳನ್ನು ನೋಡಿದರು, ಗೋಡೆಯನ್ನು ನೋಡಿದರು, ಶರಣಮ್ಮನ ಸೀರೆಯಲ್ಲಿ ತಮ್ಮ ಬಚ್ಚಲದ ನೀಲಿಯನ್ನು ಗುರುತು ಹಿಡಿದರೋ ಏನೋ, ಇನ್ನೊಮ್ಮೆ ಬಗ್ಗಿ ನೋಡಿದರು. ಬೋರ್ಡಿಗೆ ಬೇರೆ ಜಾಗ ನೋಡಿ ಎಂದು ವಾಚ್‌ಮನ್ನನಿಗೆ ಹೇಳಿ ಹೊರಟರು.

ಮರೆಮ್ಮ ನಳ ತಿರುಗಿಸಿ ಬೊಗಸೆ ಒಡ್ಡಿದಳು. ಗಂಟಲು ತುಂಬ ಕುಡಿದಳು. ಗಲ್ಲದ ಮೇಲೆ ಇಳಿದದ್ದನ್ನು ಒರೆಸಿಕೊಳ್ಳಲಿಲ್ಲ.

ಗೇಟಿನ ತನಕ ಹೋಗಿದ್ದ ಸಾಹೇಬರು ತಿರುಗಿ ನಿಂತರು. ಸೋತವನಿಗೂ ಒಂದು ಕಲ್ಲು ಎಸೆದು ಹೋಗುವ ಆಸೆ ಇರುತ್ತದಲ್ಲ.

"ಏ ಬಾಯಿ, ನಮ್ಮ ವಾಚ್‌ಮನ್ ಹೇಳ್ತಿದ್ದ, ನೀನು ಬಶಿ ಒಡೆದ ಸದ್ದಿಗೆ ಭೋರ್‌ನಲ್ಲಿ ಮಂಗ ಉದುರಿದವಂತೆ? ಆ ಭಾನುವಾರ ನಾನು ಭೋರ್‌ನಲ್ಲೇ ಇದ್ದೆ. ಮಾವನ ಮನೆ ಅಂಗಳದಲ್ಲಿ ಮಂಗ ತುಂಬಿರ್ತಾವೆ. ಒಂದೂ ಬೀಳಲಿಲ್ಲ."

ಓಣಿಯೆಲ್ಲ ಮರೆಮ್ಮನ ಕಡೆ ತಿರುಗಿತು. ಶಾಲಿನಿ ಸೆರಗಿಲ್ಲದ್ದಕ್ಕೆ ಅಂಗೈಯನ್ನೇ ಬಾಯಿಗೆ ಒತ್ತಿಕೊಂಡಳು. ಮರೆಮ್ಮ ತನ್ನ ಹೆಬ್ಬೆರಳನ್ನು ನೋಡಿಕೊಂಡಳು. ಪಾಸಾದವರಿಗೆ ಕಟ್ಟುವ ಬಟ್ಟೆ ಎಂದೋ ಬಿಚ್ಚಿತ್ತು; ಉಗುರು ಇನ್ನೂ ನೇರಳೆಹಣ್ಣಿನ ಹಾಗೆ ಕಪ್ಪಗಿತ್ತು.

"ಬಶಿ ಎಲ್ಲಿ ಒಡೀತು ಸಾಹೇಬ್ರ," ಅಂದಳು. "ಸುತ್ತಿಗಿ ಈ ಬೆರಳಿಗೆ ಬಿತ್ತು. ಒದರಿದ್ದು ನಾನು."